ಗಾಡಿ ನಿಮ್ಮದು, ಓಡಿಸಿದ್ದು ಯಾರು? ಪೊಲೀಸ್ ನೋಟಿಸ್‌ಗೆ ಉತ್ತರ ಬರೆಯುವುದು ಹೇಗೆ

ಅಡಿಕೆ ಕೊಯ್ಲು ಶುರುವಾದರೆ ನಮ್ಮ ತೀರ್ಥಹಳ್ಳಿ ಕಡೆ ಪಿಕಪ್ ಮನೆ ಅಂಗಳದಲ್ಲಿ ನಿಲ್ಲುವುದೇ ಇಲ್ಲ. ಬೆಳಿಗ್ಗೆ ಅಡಿಕೆ ಕೊನೆ ಸಾಗಿಸಲು ಭಾವ ಒಯ್ಯುತ್ತಾರೆ. ಮಧ್ಯಾಹ್ನ ಪಕ್ಕದ ಮನೆ ಹುಡುಗ, ಸಂಜೆ ಸಿಪ್ಪೆ ಸುರಿಯಲು ಇನ್ಯಾರೋ. ಸ್ವಲ್ಪ ದಿನ ಕಳೆದ ಮೇಲೆ ಠಾಣೆಯಿಂದ ಕಾಗದ ಬರುತ್ತದೆ: ಇಂಥ ದಿನ, ಇಷ್ಟು ಹೊತ್ತಿಗೆ ನಿಮ್ಮ ಗಾಡಿ ಓಡಿಸಿದ್ದು ಯಾರು?

ಇದು 133ರ ನೋಟಿಸ್. 1988ರ ಮೋಟಾರು ವಾಹನ ಕಾಯ್ದೆಯ 133ನೇ ಕಲಂ ಪ್ರಕಾರ, ಚಾಲಕನ ಮೇಲೆ ಆ ಕಾಯ್ದೆಯಡಿ ಆರೋಪ ಇದ್ದಾಗ, ಅಧಿಕಾರವಿರುವ ಪೊಲೀಸರು ಕೇಳಿದರೆ ಮಾಲೀಕ ಅವನ ಹೆಸರು, ವಿಳಾಸ, ಲೈಸೆನ್ಸ್ ವಿವರ ಕೊಡಲೇಬೇಕು. ಕೊಡದಿದ್ದರೆ 187ನೇ ಕಲಂ ಇದೆ: ಆರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಹಂತ 1. ನೋಟಿಸ್ ಪೂರ್ತಿ ಓದಿ. ಗಾಡಿ ನಂಬರ್, ದಿನ, ಹೊತ್ತು, ಜಾಗ, ಉತ್ತರಕ್ಕೆ ಕೊಟ್ಟ ಗಡುವು ನೋಡಿಕೊಳ್ಳಿ. ಕೆಎ 14 ಎಂದಿರಬೇಕಾದಲ್ಲಿ ಕೆಎ 15 ಎಂದಿದ್ದರೆ ಅದನ್ನೂ ಬರೆದೇ ತಿಳಿಸಿ. ಒಂದು ಎಚ್ಚರಿಕೆ: ಚಲನ್ ಬಂದಿದೆ ಎಂದು ವಾಟ್ಸಾಪ್‌ನಲ್ಲಿ ಎಪಿಕೆ (ಫೋನಿಗೆ ಆ್ಯಪ್ ಹಾಕುವ) ಫೈಲ್ ಬಂದರೆ ಮುಟ್ಟಲೇಬೇಡಿ. ಅದು ಬ್ಯಾಂಕ್ ಖಾತೆ ಖಾಲಿ ಮಾಡುವ ಮೋಸ.

ಹಂತ 2. ಓಡಿಸಿದವರು ಯಾರೆಂದು ಪತ್ತೆ ಮಾಡಿ. ಜನ ಎಡವುವುದೆಲ್ಲ ಇಲ್ಲೇ.

ನಮ್ಮ ಊರಿನ ಹಿರಿಯರೊಬ್ಬರು ನೋಟ್‌ಬುಕ್ ಹಾಳೆಯಲ್ಲಿ "ನಾನೇ ಓಡಿಸುತ್ತಿದ್ದೆ" ಎಂದು ಬರೆದು ಸಹಿ ಹಾಕಿ ಕೊಟ್ಟುಬಿಟ್ಟರು. ಓಡಿಸಿದ್ದು ತಮ್ಮನ ಮಗ. ಹುಡುಗನಿಗೆ ಲೈಸೆನ್ಸ್ ಇತ್ತು, ಆದರೆ ಹಳದಿ ಬೋರ್ಡ್‌ನ ಸಾಗಣೆ ಗಾಡಿಗೆ ಅದು ನಡೆಯುವುದಿಲ್ಲ ಎಂದು ಯಾರೋ ಹೆದರಿಸಿದ್ದರು. ಅದೇ ಹೊತ್ತಿಗೆ ಇವರು ಶಿವಮೊಗ್ಗದ ಮಂಡಿಯಲ್ಲಿದ್ದರು. ಇವರ ಸಹಿ ಇದ್ದ ತೂಕದ ಚೀಟಿ ಅಲ್ಲೇ ಇತ್ತು. ಪೆಟ್ರೋಲ್ ಬಂಕ್‌ನ ಕ್ಯಾಮೆರಾದಲ್ಲಿ ಹುಡುಗನ ಮುಖ ಸ್ಪಷ್ಟವಾಗಿತ್ತು. ಸಣ್ಣ ಕೇಸಿನ ಜೊತೆ ಸುಳ್ಳು ಮಾಹಿತಿಯ ತಲೆನೋವೂ ಸೇರಿಕೊಂಡಿತು. ನನಗೆ ಇವತ್ತಿಗೂ ಬೇಸರ. ಏಕೆಂದರೆ ಸುಳ್ಳಿನ ಅಗತ್ಯವೇ ಇರಲಿಲ್ಲ: ಒಟ್ಟು ತೂಕ 7,500 ಕೆ.ಜಿ. ಮೀರದ ಸಾಗಣೆ ಗಾಡಿಯನ್ನು ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸ್‌ನಲ್ಲೇ ಓಡಿಸಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು, 2024ರಲ್ಲಿ ಐವರ ಪೀಠ ಅದನ್ನೇ ಎತ್ತಿಹಿಡಿಯಿತು.

"ನೆನಪಿಲ್ಲ" ಎಂದು ಸುಮ್ನೆ ಬರೆದರೂ ಸಾಲದು. ಗೊತ್ತಿರುವುದನ್ನು ಮಾತ್ರವಲ್ಲ, ಸರಿಯಾಗಿ ವಿಚಾರಿಸಿದರೆ ಗೊತ್ತಾಗುವುದನ್ನೂ ಕಾನೂನು ಕೇಳುತ್ತದೆ. ಹಾಗಾಗಿ ಫೋನ್ ಕರೆಗಳ ಪಟ್ಟಿ ನೋಡಿ, ಡೀಸೆಲ್ ಬಿಲ್ ಹುಡುಕಿ, ಮನೆಯವರನ್ನೂ ಪಕ್ಕದವರನ್ನೂ ಕೇಳಿ. ಇಷ್ಟೆಲ್ಲ ಮಾಡಿಯೂ ಗೊತ್ತಾಗದಿದ್ದರೆ, ಯಾರನ್ನು ಕೇಳಿದಿರಿ, ಏನು ಹುಡುಕಿದಿರಿ ಎಂಬುದನ್ನೇ ಬರೆಯಿರಿ.

ಓಡಿಸಿದವನಿಗೆ ಲೈಸೆನ್ಸೇ ಇರಲಿಲ್ಲವೇ? ಹಾಗಿದ್ದರೆ ಗಾಡಿ ಕೊಟ್ಟ ತಪ್ಪಿಗೆ ನಿಮಗೂ ಶಿಕ್ಷೆ ಇದೆ. ಹದಿನೆಂಟು ತುಂಬದವನಾದರೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಇಂಥ ಸಂದರ್ಭದಲ್ಲಿ ವಕೀಲರನ್ನು ಕಂಡ ಮೇಲೇ ಪೆನ್ನು ಹಿಡಿಯಿರಿ. ಹೆಸರು ಮಾತ್ರ ಬದಲಿಸಬೇಡಿ.

ಹಂತ 3. ಪತ್ರ ಬರೆಯಿರಿ, ಒಂದೇ ಪುಟ ಸಾಕು. ನೋಟಿಸ್ ಸಂಖ್ಯೆ, ಗಾಡಿ ನಂಬರ್, ಚಾಲಕನ ಹೆಸರು, ತಂದೆಯ ಹೆಸರು, ವಿಳಾಸ, ಲೈಸೆನ್ಸ್ ಸಂಖ್ಯೆ, ಅದರ ಅವಧಿ. ಆರ್‌ಸಿ, ವಿಮೆ, ಲೈಸೆನ್ಸ್ ಜೆರಾಕ್ಸ್ ಲಗತ್ತಿಸಿ. ಜೆರಾಕ್ಸ್ ಅಂಗಡಿಯ ರೆಡಿ ಫಾರಂ ಬೇಡ. ಅದರಲ್ಲಿ ತಪ್ಪೊಪ್ಪಿಗೆಯ ಸಾಲು ಸೇರಿರುವುದನ್ನು ನಾನೇ ನೋಡಿದ್ದೇನೆ. ಓಡಿಸಿದ್ದು ಸರಿಯೋ ತಪ್ಪೋ ಎಂಬ ವಾದವೂ ಈ ಪತ್ರದಲ್ಲಿ ಬೇಡ.

ಹಂತ 4. ಠಾಣೆಗೆ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸೀಲ್, ದಿನಾಂಕ ಹಾಕಿಸಿಕೊಳ್ಳಿ. ಬಾಯಿ ಮಾತಲ್ಲಿ ಹೇಳಿ ಬರುವುದು ಉತ್ತರವಲ್ಲ. ಮಳೆಗಾಲದಲ್ಲಿ ಹೋಗಲಾಗದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ.

ಗಾಡಿ ಮಾರಿ ಎಷ್ಟೋ ದಿನವಾಗಿದೆ, ಆದರೂ ನೋಟಿಸ್ ನಿಮಗೇ ಬಂತಾ? ಆರ್‌ಸಿಯಲ್ಲಿ ನಿಮ್ಮ ಹೆಸರಿದ್ದರೆ ಕಾನೂನಿಗೆ ಮಾಲೀಕರು ನೀವೇ. ಕೊಂಡವರ ಹೆಸರು, ವಿಳಾಸ, ಮಾರಾಟದ ಪತ್ರದ ಪ್ರತಿ ಕೊಡಿ, ಅದೇ ದಿನ ಆರ್‌ಟಿಒ ಕಚೇರಿಗೂ ಹೋಗಿ. ರಾಜ್ಯದೊಳಗೆ ಮಾರಿದರೆ 14 ದಿನದಲ್ಲಿ ಮಾರಾಟ ತಿಳಿಸುವ ಫಾರಂ 29 ಕೊಡಬೇಕಿತ್ತು.

ಇನ್ನು ಮುಂದೆ ಯಾರಿಗಾದರೂ ಕೀ ಕೊಡುವ ಮೊದಲು ಅವರ ಲೈಸೆನ್ಸ್‌ನ ಫೋಟೊ ತೆಗೆದುಕೊಳ್ಳಿ. ಭಾವನೇ ಆಗಿರಲಿ, ಕೇಳಿ.