ಬಾಯಿಯಿಲ್ಲದ ಹುಳುವಿನ ಬಂಧುತ್ವ: ಒಂದು ಪ್ರಾಕ್ಟಿಕಲ್ ಪಾಠದ ಅನುಭವ

ನಾನು ಕಲಬುರಗಿಯ ಪದವಿ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಅನೆಲಿಡಾ, ಅಂದರೆ ಉಂಗುರ ಉಂಗುರದ ಮೈಯ ಹುಳುಗಳ ವಿಭಾಗದ, ಪಾಠ ಬಂದಾಗ ಎರೆಹುಳುವಿನ ಜೊತೆಗೆ ರಿಫ್ಟಿಯಾ ಪ್ಯಾಕಿಪ್ಟಿಲಾ ಎಂಬ ದೈತ್ಯ ಕೊಳವೆ ಹುಳುವನ್ನೂ ತೆಗೆದುಕೊಳ್ಳುತ್ತೇನೆ. 1977ರಲ್ಲಿ ಗ್ಯಾಲಪಗೋಸ್ ಬಳಿ, ಸುಮಾರು 2,500 ಮೀಟರ್ ಆಳದ ಬಿಸಿನೀರಿನ ಬುಗ್ಗೆಗಳ ಸುತ್ತ, ಆಲ್ವಿನ್ ಎಂಬ ಪುಟ್ಟ ನೌಕೆಯಲ್ಲಿ ಇಳಿದವರಿಗೆ ಕಂಡ ಜೀವಿ ಇದು. ಬೆಳೆದ ಹುಳುವಿಗೆ ಬಾಯಿಯಿಲ್ಲ, ಕರುಳೂ ಇಲ್ಲ. ಒಡಲೊಳಗಿನ ಬ್ಯಾಕ್ಟೀರಿಯಾ ಬುಗ್ಗೆಯ ನೀರಿನಲ್ಲಿರುವ ಸಲ್ಫೈಡ್ ಎಂಬ ಗಂಧಕದ ಸಂಯುಕ್ತದಿಂದ ಶಕ್ತಿ ಪಡೆದು ಅದಕ್ಕೆ ಉಣಿಸುತ್ತವೆ. 1981ರಲ್ಲಿ ಇದನ್ನು ಮುಂದಿಟ್ಟ ಕಾಲೀನ್ ಕ್ಯಾವನಾ ಆಗಿನ್ನೂ ವಿದ್ಯಾರ್ಥಿನಿ. ಈ ಮಾತನ್ನು ನನ್ನ ತರಗತಿಯ ಹುಡುಗಿಯರಿಗೆ ಹೇಳದೆ ನಾನು ಮುಂದೆ ಹೋಗುವುದಿಲ್ಲ.

"ಬಾಯಿಯೇ ಇಲ್ಲದ್ದು ಎರೆಹುಳುವಿನ ಬಂಧು ಹೇಗಾಗುತ್ತದೆ ಸರ್?" ಎಂದು ಒಬ್ಬಳು ಕೇಳಿದಳು. ನ್ಯಾಯವಾದ ಪ್ರಶ್ನೆ. ಹಿಂದೆ ವಿಜ್ಞಾನಿಗಳೇ ಈ ಹುಳುಗಳನ್ನು ವೆಸ್ಟಿಮೆಂಟಿಫೆರಾ ಎಂಬ ಬೇರೆಯೇ ವಿಭಾಗದಲ್ಲಿ ಇಟ್ಟಿದ್ದರು. ಅವನ್ನು ಅನೆಲಿಡಾಕ್ಕೆ ಮರಳಿ ತಂದುದರಲ್ಲಿ ಡಿಎನ್‌ಎ ಸಾಕ್ಷ್ಯದ ಪಾಲು ದೊಡ್ಡದು. ಆ ಸಾಕ್ಷ್ಯವನ್ನು ನನ್ನ ಬಾಯಿಂದ ಕೇಳುವುದಕ್ಕಿಂತ ಮಕ್ಕಳು ತಾವೇ ನೋಡಲಿ ಎಂದುಕೊಂಡೆ.

ಮೂರು ಜೀವಿಗಳ ಮೈಟೊಕಾಂಡ್ರಿಯ (ಜೀವಕೋಶದ ಶಕ್ತಿಕೇಂದ್ರ) ಡಿಎನ್‌ಎಯನ್ನು ಆರಿಸಿದೆ: ಮನುಷ್ಯ, ಯುರೋಪಿನ ಎರೆಹುಳು ಲುಂಬ್ರಿಕಸ್ ಟೆರೆಸ್ಟ್ರಿಸ್ ಮತ್ತು ರಿಫ್ಟಿಯಾ. ಡಿಎನ್‌ಎ ಮಾಹಿತಿಯ ಸಾರ್ವಜನಿಕ ಭಂಡಾರವಾದ ಜೆನ್‌ಬ್ಯಾಂಕ್‌ನಲ್ಲಿ ಎಲ್ಲವೂ ಉಚಿತ. ಮನುಷ್ಯನದು ಡಿಎನ್‌ಎಯ 16,569 ಅಕ್ಷರ, ಎರೆಹುಳುವಿನದು 14,998. ಕಂಪ್ಯೂಟರ್ ಕೊಠಡಿಯಲ್ಲಿ ಕರೆಂಟಿನ ಭರವಸೆ ಇರಲಿಲ್ಲ. ಜೀನ್‌ಗಳ ಪಟ್ಟಿಯನ್ನಷ್ಟೇ ಮೊದಲೇ ಮುದ್ರಿಸಿಕೊಂಡೆ. ಹಳೆಯ ಪ್ರಾಕ್ಟಿಕಲ್ ಪುಸ್ತಕಗಳ ಹಾಳೆ ಕತ್ತರಿಸಿ, ಪ್ರೋಟೀನ್ ತಯಾರಿಸುವ 13 ಜೀನ್‌ಗಳಿಗೂ ಒಂದೊಂದು ಚೀಟಿ ಬರೆಸಿದೆ. ಮೂರು ಗುಂಪುಗಳು ಪ್ರಯೋಗಾಲಯದ ಉದ್ದ ಮೇಜಿನ ಮೇಲೆ ತಮ್ಮ ಸಾಲನ್ನು ಜೋಡಿಸಿದವು.

ಎಲ್ಲರ ಕಣ್ಣು ಹೋದದ್ದು ಎಟಿಪಿ8, ಎಟಿಪಿ6 ಚೀಟಿಗಳ ಕಡೆಗೆ. ಮನುಷ್ಯನ ಸಾಲಿನಲ್ಲಿ ಅವೆರಡೂ ಅಂಟಿಕೊಂಡಿವೆ. ಒಂದರ ತುದಿ ಇನ್ನೊಂದರ ಮೊದಲಿನ ಮೇಲೆ ಸ್ವಲ್ಪ ಹಾಯ್ದಿದೆ ಕೂಡ. ಎರೆಹುಳುವಿನಲ್ಲಿ ಅವುಗಳ ನಡುವೆ ಕಾಕ್ಸ್3, ಎನ್‌ಎಡಿ6, ಸೈಟೊಕ್ರೋಮ್ ಬಿ ಬಂದು ಕುಳಿತಿವೆ. ರಿಫ್ಟಿಯಾದಲ್ಲೂ ಅದೇ ಮೂರು, ಅದೇ ಕ್ರಮದಲ್ಲಿ. ಮನುಷ್ಯನ ಎನ್‌ಎಡಿ6 ಡಿಎನ್‌ಎಯ ಎರಡು ಎಳೆಗಳಲ್ಲಿ ಎದುರಿನದರ ಮೇಲಿದೆ, ಆ ಚೀಟಿಯನ್ನು ಬೋರಲಾಗಿಸಬೇಕು. ಎರಡೂ ಹುಳುಗಳ ಸಾಲಿನಲ್ಲಿ ಒಂದು ಚೀಟಿಯನ್ನೂ ಬೋರಲಾಗಿಸಬೇಕಿಲ್ಲ. ಪ್ರಶ್ನೆ ಕೇಳಿದವಳೇ ಎರೆಹುಳುವಿನ ಸಾಲನ್ನು ರಿಫ್ಟಿಯಾದ ಸಾಲಿನ ಕೆಳಗೆ ಸರಿಸಿ ಚೀಟಿಗೆ ಚೀಟಿ ಹೊಂದಿಸಿದಳು.

ನನಗೆ ಎಲ್ಲಕ್ಕಿಂತ ಪ್ರಿಯವಾದ ಚೀಟಿ ಕಾಕ್ಸ್1. ಜೀವಕೋಶ ಆಮ್ಲಜನಕವನ್ನು ಬಳಸಲು ಬೇಕಾದ ಸೈಟೊಕ್ರೋಮ್ ಆಕ್ಸಿಡೇಸ್ ಕಿಣ್ವದ ತಿರುಳನ್ನು ಕಟ್ಟುವ ಜೀನ್ ಅದು. ಮ್ಯಾನ್‌ಹೋಲಿಗೆ ಇಳಿದವರ ಪ್ರಾಣ ತೆಗೆಯುವ ಹೈಡ್ರೋಜನ್ ಸಲ್ಫೈಡ್ ತಡೆಹಿಡಿಯುವುದು ಆ ಕಿಣ್ವವನ್ನೇ. ರಿಫ್ಟಿಯಾದಲ್ಲೂ ಅದೇ ಕಿಣ್ವವಿದೆ. ಹಾಗಾದರೆ ಅದು ಸಲ್ಫೈಡಿನ ನಡುವೆ ಬದುಕುವುದು ಹೇಗೆ? ಅದರ ರಕ್ತದ ದೊಡ್ಡ ಹಿಮೋಗ್ಲೋಬಿನ್ ಆಮ್ಲಜನಕವನ್ನು ಒಂದು ಕಡೆ, ಸಲ್ಫೈಡನ್ನು ಇನ್ನೊಂದು ಕಡೆ ಹಿಡಿದುಕೊಂಡು, ಎರಡನ್ನೂ ಬ್ಯಾಕ್ಟೀರಿಯಾಗಳಿಗೆ ಒಯ್ಯುತ್ತದೆ. ನಮ್ಮ ಹಿಮೋಗ್ಲೋಬಿನ್ನಿನಲ್ಲಿ 4 ಪ್ರೋಟೀನ್ ಸರಪಳಿಗಳಿದ್ದರೆ ಇದರಲ್ಲಿ 144. ಎರೆಹುಳುವಿನದೂ ಇದೇ ವಿನ್ಯಾಸದ್ದು, ಅದರಲ್ಲೂ 144. 2021ರಲ್ಲಿ ರಿಫ್ಟಿಯಾದ ಪೂರ್ಣ ಜೀನೋಮ್ ಪ್ರಕಟವಾದಾಗ, ಹಿಮೋಗ್ಲೋಬಿನ್ನಿನ ಬೀಟಾ ಬಗೆಯ ಜೀನ್‌ಗಳು ಅದರಲ್ಲಿ ಹಲವು ಪಟ್ಟು ಹೆಚ್ಚಿರುವುದು ಕಂಡಿತು. ನೆಲದ ಹುಳುವಿಗೂ ಇರುವ ಸಲಕರಣೆಯನ್ನೇ ಅದು ಹಿಗ್ಗಿಸಿಕೊಂಡಿದೆ.

ಚೀಟಿಗಳ ಕ್ರಮ ಅನೆಲಿಡಾಗಳಲ್ಲಿ ಬಹುಮಟ್ಟಿಗೆ ಒಂದೇ ಆಗಿರುವುದರಿಂದ ಅವುಗಳಲ್ಲಿ ಯಾವುದು ಯಾವುದಕ್ಕೆ ಹತ್ತಿರದ ಬಂಧು ಎಂಬುದನ್ನು ಅದು ತಿಳಿಸುವುದಿಲ್ಲ. ಅದಕ್ಕೆ ಕಾಕ್ಸ್1ರ ಅಕ್ಷರಗಳನ್ನೇ ಹೋಲಿಸಬೇಕು. ಈ ಪಾಠ ಮಾಡಹೊರಟ ಅಧ್ಯಾಪಕರಿಗೆ ಒಂದು ಸೂಚನೆ: ಅಕ್ಷರಗಳನ್ನು ಪ್ರೋಟೀನಿಗೆ ಪರಿವರ್ತಿಸುವಾಗ ತಂತ್ರಾಂಶದಲ್ಲಿ ಅಕಶೇರುಕ ಮೈಟೊಕಾಂಡ್ರಿಯದ ಸಂಕೇತವನ್ನೇ (ಯಾವ ಮೂರು ಅಕ್ಷರಕ್ಕೆ ಯಾವ ಅಮೈನೋ ಆಮ್ಲ ಎಂಬ ಪಟ್ಟಿ) ಆರಿಸಿ. ಸಾಮಾನ್ಯ ಸಂಕೇತದಲ್ಲಿ ಟಿಜಿಎ ಎಂದರೆ ನಿಲುಗಡೆ, ಇಲ್ಲಿ ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲ.