ಗಾಡಿಯ ಹೆಸರು ಹೇಳಬೇಡಿ, ಹಳೆಯ ಆಲ್ಟರ್ನೇಟರನ್ನೇ ಹೊತ್ತೊಯ್ಯಿರಿ

ನಮ್ಮ ಕೊಟ್ಟಿಗೆಯ ಅಟ್ಟದ ಮೇಲೆ ಮೂರು ಆಲ್ಟರ್ನೇಟರುಗಳಿವೆ, ಎಂಜಿನ್ ಓಡುವಾಗ ಕರೆಂಟು ಹುಟ್ಟಿಸಿ ಬ್ಯಾಟರಿ ತುಂಬುವ ಯಂತ್ರಗಳು. ಒಂದು ಸುಟ್ಟದ್ದು, ಇನ್ನೆರಡು ನಾನು ತಪ್ಪಾಗಿ ತಂದವು. ಆ ಎರಡರ ಡಬ್ಬದ ಮೇಲೂ ಅಂಗಡಿಯವರ ಕೈಬರಹದಲ್ಲಿ ಒಂದೇ ಮಾತು: ‘ಜೀಪು, ಡೀಸೆಲ್’. ಐಟಿಐಯಲ್ಲಿ ಇಪ್ಪತ್ತೆಂಟು ವರ್ಷ ಎಲೆಕ್ಟ್ರಿಷಿಯನ್ ಪಾಠ ಹೇಳಿದವನು ನಾನು. ಎರಡು ಸಲ ಮೋಸಹೋದೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಮೋಸ ಮಾಡಿದ್ದು ಅಂಗಡಿಯವನಲ್ಲ, ನನ್ನ ಬಾಯಿ. ‘ಯಾವ ಗಾಡಿ?’ ಎಂದು ಅವನು ಕೇಳಿದ, ನಾನು ಹೆಸರು ಹೇಳಿದೆ, ಅವನು ಕೊಟ್ಟ.

ಹಳೆಯ ಗಾಡಿಗೆ ಹೆಸರಿನಿಂದ ಸಾಮಾನು ತರಲಾಗದು. ನನ್ನ ಜೀಪು 1994ರದು, ನಾನು ಮೂರನೆಯ ಮಾಲೀಕ. ಅಡಿಕೆ ಸಾಗಿಸುತ್ತಿದ್ದ ಹಿಂದಿನವರು ಯಾವುದೋ ಮಳೆಗಾಲದಲ್ಲಿ ಆಲ್ಟರ್ನೇಟರ್ ಕೂರುವ ಬ್ರಾಕೆಟ್ ಮುರಿದಾಗ ಬೇರೆ ಗಾಡಿಯದನ್ನು ವೆಲ್ಡ್ ಮಾಡಿಸಿ ಕೂರಿಸಿದ್ದಾರೆ. ಬೆಲ್ಟು ಸುತ್ತುವ ಪುಲ್ಲಿ ಇನ್ಯಾವುದರದೋ. ಇಂಥದ್ದಕ್ಕೆ ಕಂಪನಿಯ ಪಟ್ಟಿಯಲ್ಲಿ ನಂಬರು ಹುಡುಕಿದರೆ ಸಿಗುವುದು 1994ರಲ್ಲಿ ಕಾರ್ಖಾನೆಯಿಂದ ಹೊರಬಂದ ಜೀಪಿನ ಆಲ್ಟರ್ನೇಟರ್. ಆ ಜೀಪು ಈಗ ಇಲ್ಲ.

ಬಿಚ್ಚುವ ಮೊದಲು ಕೆಟ್ಟಿರುವುದು ಅದೇ ಹೌದೇ ಎಂದು ನೋಡಿಕೊಳ್ಳಿ. ಎಂಜಿನ್ ನಿಂತಿರುವಾಗ ಒಳ್ಳೆಯ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸುತ್ತದೆ. ಎಂಜಿನ್ ಓಡುವಾಗ 13.8ರಿಂದ 14.4ರವರೆಗೆ ಏರಬೇಕು. ಏರದಿದ್ದರೆ ಮೀಟರಿನ ಕಡ್ಡಿಯನ್ನು ಆಲ್ಟರ್ನೇಟರಿನ ದಪ್ಪ ವೈರಿನ ಬೋಲ್ಟಿಗೇ ಹಿಡಿಯಿರಿ. ಅಲ್ಲಿ 14.2 ಇದ್ದು ಬ್ಯಾಟರಿಯಲ್ಲಿ 13 ಇದ್ದರೆ ಆಲ್ಟರ್ನೇಟರ್ ಆರೋಗ್ಯವಾಗಿದೆ, ಕಾಯಿಲೆ ದಾರಿಯಲ್ಲಿದೆ. ಪಕ್ಕದ ಮನೆಯವರ ಓಮ್ನಿಯಲ್ಲಿ ಎಂಜಿನ್ನಿನಿಂದ ಗಾಡಿಯ ಮೈಗೆ ಬರುವ ಅರ್ಥ್ ಪಟ್ಟಿ ಹಸಿರು ಕಿಲುಬು ಹಿಡಿದು ದಾರದಂತಾಗಿತ್ತು. ಅವರು ಅದಾಗಲೇ ಹೊಸ ಆಲ್ಟರ್ನೇಟರಿಗೆ ಮುಂಗಡ ಕೊಟ್ಟು ಬಂದಿದ್ದರು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಟರ್ಮಿನಲ್ ಕಿತ್ತು ‘ಚಾರ್ಜ್ ಆಗುತ್ತಿದೆಯೇ’ ಎಂದು ನೋಡುವವರು ಈಗಲೂ ಇದ್ದಾರೆ. ಆಲ್ಟರ್ನೇಟರಿಗೂ ಮುಂಚೆ ಗಾಡಿಗಳಲ್ಲಿದ್ದ ಡೈನಮೋ ಕಾಲದ ಅಭ್ಯಾಸ ಅದು. ಆಲ್ಟರ್ನೇಟರಿನಲ್ಲಿ ಹಾಗೆ ಮಾಡಿದರೆ ವೋಲ್ಟೇಜು ಒಮ್ಮೆಲೇ ಚಿಮ್ಮಿ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡು, ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರು ಸುಡುತ್ತವೆ.

ಅದೇ ಕೆಟ್ಟಿದೆ ಎಂದು ಖಾತ್ರಿಯಾದ ಮೇಲೆ ಬ್ಯಾಟರಿಯ ನೆಗೆಟಿವ್ ತೆಗೆದು, ನಾಲ್ಕೂ ಕಡೆಯಿಂದ ಮೊಬೈಲಿನಲ್ಲಿ ಚಿತ್ರ ತೆಗೆದು, ಪ್ರತಿ ವೈರಿಗೂ ಚೀಟಿ ಅಂಟಿಸಿ ಬಿಚ್ಚಿ. ಮೈಮೇಲಿನ ತಗಡಿನ ಪಟ್ಟಿಯನ್ನು ಡೀಸೆಲ್ ಹಚ್ಚಿ ಒರೆಸಿದರೆ ವೋಲ್ಟು, ಆಂಪಿಯರು, ಕಂಪನಿಯ ನಂಬರು ಕಾಣಿಸುತ್ತವೆ. ಬರೆದುಕೊಳ್ಳಿ, ಆದರೆ ಅದನ್ನೇ ನೆಚ್ಚಿಕೊಳ್ಳಬೇಡಿ.

ಈಗ ಅಳತೆ. ಬ್ರಾಕೆಟಿಗೆ ಕೂರುವ ಕಿವಿಗಳು ಎಷ್ಟು, ಅಗಲವಾದ ಒಂದೇ ಕಿವಿಯೋ, ಮುಂದೊಂದು ಹಿಂದೊಂದು ಎಂದು ಎರಡೋ? ಎರಡಿದ್ದರೆ ಒಳ ಅಂತರ ಎಷ್ಟು? ತೂತು 8 ಮಿಲಿಮೀಟರಿನದೋ 10ರದೋ? 10ರ ತೂತಿಗೆ 8ರ ಬೋಲ್ಟು ಹಾಕಿ ಬಿಗಿದರೆ ಒಂದು ವಾರ ನಿಲ್ಲುತ್ತದೆ, ಆಮೇಲೆ ತೂತು ಮೊಟ್ಟೆಯಾಕಾರಕ್ಕೆ ಸವೆಯುತ್ತದೆ. ಕಿವಿಗೂ ಬ್ರಾಕೆಟಿಗೂ ನಡುವೆ ಸಂದು ಉಳಿದಿದ್ದರೆ ಬೋಲ್ಟಿನ ಬಲದಿಂದ ಎಳೆದು ಮುಚ್ಚಲು ಹೋಗಬೇಡಿ. ಕಿವಿ ಅಲ್ಯೂಮಿನಿಯಂ, ಬಾಗುವುದಿಲ್ಲ, ಲಟಕ್ಕನೆ ಮುರಿಯುತ್ತದೆ. ಕೆಲವು ಆಲ್ಟರ್ನೇಟರುಗಳ ಹಿಂದಿನ ಕಿವಿಯಲ್ಲಿ ಜಾರುವ ಉಕ್ಕಿನ ಬುಷ್ ಇರುತ್ತದೆ. ಬಿಗಿದಾಗ ಅದೇ ಸರಿದು ಸಂದು ತುಂಬುತ್ತದೆ. ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಅದನ್ನು ಮೆಲ್ಲನೆ ಹಿಂದಕ್ಕೆ ತಟ್ಟಿಕೊಳ್ಳಬೇಕು. ಬೆಲ್ಟು ಬಿಗಿಮಾಡುವ ಕಿವಿ ಎಡಕ್ಕಿದೆಯೋ ಬಲಕ್ಕಿದೆಯೋ ಎಂಬುದನ್ನು ಪುಲ್ಲಿಯ ಕಡೆಯಿಂದ ನೋಡಿ ಬರೆದುಕೊಳ್ಳಿ. ಹಿಂದಿನಿಂದ ನೋಡಿ ಬರೆದರೆ ತಿರುಗುಮುರುಗಾಗುತ್ತದೆ.

ಪುಲ್ಲಿಯಲ್ಲಿ ಮೂರು ವಿಷಯ. ಬೆಲ್ಟು ವಿ ಆಕಾರದ್ದೋ, ಹಲವು ಗೀರುಗಳ ಚಪ್ಪಟೆ ಬೆಲ್ಟೋ? ಸಾಲು ಎಲ್ಲಿ ಬರುತ್ತದೆ? ಮುಂದಿನ ಕಿವಿಯ ಮುಖದಿಂದ ಬೆಲ್ಟು ಕೂರುವ ತೋಡಿನ ಮಧ್ಯಕ್ಕೆ ಇರುವ ದೂರ ಹಳೆಯದಕ್ಕೂ ಹೊಸದಕ್ಕೂ ಒಂದೇ ಇರಬೇಕು. ಎರಡು ಮಿಲಿಮೀಟರಿಗಿಂತ ಹೆಚ್ಚು ಓರೆಯಾದರೆ ಬೆಲ್ಟು ಕಿರುಗುಟ್ಟುತ್ತದೆ, ಬೇಗ ಹರಿಯುತ್ತದೆ. ಮೂರನೆಯದು ವ್ಯಾಸ, ಇದನ್ನು ಯಾರೂ ನೋಡುವುದಿಲ್ಲ. ನನ್ನ ಎಂಜಿನ್ನಿನ ಕೆಳಗಿನ ಪುಲ್ಲಿ 140 ಮಿಲಿಮೀಟರ್, ಆಲ್ಟರ್ನೇಟರಿನದು 70. ಎಂಜಿನ್ ಒಂದು ಸುತ್ತು ತಿರುಗಿದರೆ ಆಲ್ಟರ್ನೇಟರ್ ಎರಡು ಸುತ್ತು. ಡೀಸೆಲ್ ಎಂಜಿನ್ ನಿಮಿಷಕ್ಕೆ 700 ಸುತ್ತಿನಲ್ಲಿ ಗುಡುಗುಡು ಎನ್ನುತ್ತ ನಿಂತಾಗ ಆಲ್ಟರ್ನೇಟರ್ 1400ರಲ್ಲಿ ತಿರುಗುತ್ತದೆ, ಚಾರ್ಜ್ ಶುರುವಾಗಲು ಅಷ್ಟು ಸಾಕು. ನಾನು ತಂದ ಮೊದಲನೆಯದರ ಪುಲ್ಲಿ 85 ಇತ್ತು. ವೇಗವಾಗಿ ತಿರುಗುವ ಪೆಟ್ರೋಲ್ ಎಂಜಿನ್ನಿಗೆ ಅದು ಸರಿ, ನನ್ನದಕ್ಕೆ ಲೆಕ್ಕ 1150ಕ್ಕೆ ಬಂದು ನಿಂತಿತು, ಆಕ್ಸಿಲರೇಟರ್ ಒತ್ತುವವರೆಗೆ ಚಾರ್ಜ್ ಲೈಟ್ ಆರುತ್ತಲೇ ಇರಲಿಲ್ಲ. ಪುಲ್ಲಿ ಬದಲಾಯಿಸಬಹುದು, ಶಾಫ್ಟಿನ ದಪ್ಪ ಒಂದೇ ಆಗಿದ್ದರೆ. ಬದಲಾಯಿಸುವಾಗ ಪುಲ್ಲಿಯ ಹಿಂದಿನ ಫ್ಯಾನನ್ನೂ ನೋಡಿ. ರೆಕ್ಕೆ ಒಂದೇ ದಿಕ್ಕಿಗೆ ಬಾಗಿದ್ದರೆ ಅದು ತನಗೆಂದು ಮಾಡಿದ ದಿಕ್ಕಿಗೇ ತಿರುಗಬೇಕು. ಆಲ್ಟರ್ನೇಟರ್ ಯಾವ ಕಡೆಗೆ ತಿರುಗಿದರೂ ಕರೆಂಟು ಕೊಡುತ್ತದೆ, ಆದರೆ ಉಲ್ಟಾ ತಿರುಗುವ ಫ್ಯಾನು ಸಾಕಷ್ಟು ಗಾಳಿ ಎಳೆಯುವುದಿಲ್ಲ, ಒಳಗೆ ಬೇಯುತ್ತದೆ.

ಡೀಸೆಲ್ ಗಾಡಿಯವರು ಮುಂದಿನದನ್ನು ನಿಧಾನವಾಗಿ ಓದಿ. ಡೀಸೆಲ್ ಎಂಜಿನ್ನಿಗೆ ಗಾಳಿ ಹೋಗುವ ಮ್ಯಾನಿಫೋಲ್ಡಿನಲ್ಲಿ, ಬ್ರೇಕ್ ತುಳಿಯುವುದನ್ನು ಹಗುರ ಮಾಡುವ ಬೂಸ್ಟರಿಗೆ ಬೇಕಾದ ವ್ಯಾಕ್ಯೂಮ್ (ನಿರ್ವಾತ) ಸಿಗುವುದಿಲ್ಲ, ಅದಕ್ಕೊಂದು ಪಂಪು ಬೇಕು. ನಮ್ಮ ಹಳೆಯ ಜೀಪು, ವ್ಯಾನುಗಳಲ್ಲಿ ಅನೇಕಕ್ಕೆ ಆ ಪಂಪು ಆಲ್ಟರ್ನೇಟರಿನ ಬೆನ್ನಿಗೇ ಕೂತಿರುತ್ತದೆ. ಆಲ್ಟರ್ನೇಟರಿನ ಶಾಫ್ಟಿನ ಹಿಂದಿನ ತುದಿಯಲ್ಲಿ ಹಲ್ಲುಗಳಿದ್ದು ಅವೇ ಪಂಪನ್ನು ತಿರುಗಿಸುತ್ತವೆ. ಎಂಜಿನ್ನಿನಿಂದ ಒಂದು ಸಣ್ಣ ಪೈಪಿನಲ್ಲಿ ಆಯಿಲ್ ಬರುತ್ತದೆ, ಇನ್ನೊಂದು ದಪ್ಪ ಪೈಪಿನಲ್ಲಿ ಎಂಜಿನ್ನಿನ ತಳದ ಆಯಿಲ್ ತೊಟ್ಟಿಗೆ ಇಳಿದುಹೋಗುತ್ತದೆ. ಅಂದರೆ ನೀವು ಕೊಳ್ಳುತ್ತಿರುವುದು ಕರೆಂಟು ಹುಟ್ಟಿಸುವ ಯಂತ್ರ ಮಾತ್ರವಲ್ಲ, ಬ್ರೇಕಿನ ಅರ್ಧ ಜೀವ.

ಮೊದಲನೆಯದರ ಪುಲ್ಲಿ ಬದಲಾಯಿಸಿದರಾಯಿತು ಎಂದುಕೊಂಡೆ. ಪಂಪು ಬರಲಿಲ್ಲವಲ್ಲ ಎಂದದ್ದಕ್ಕೆ ಅಂಗಡಿಯವರು ‘ನಿಮ್ಮ ಹಳೆಯ ಪಂಪನ್ನೇ ಹಾಕಿಕೊಳ್ಳಿ ಸಾರ್’ ಎಂದಿದ್ದರು. ಮನೆಗೆ ಬಂದು ತಿರುಗಿಸಿ ನೋಡಿದರೆ ಶಾಫ್ಟಿನ ಹಿಂದಿನ ತುದಿ ಬೋಳು. ಹಲ್ಲೇ ಇಲ್ಲ.

ಎರಡನೆಯದಕ್ಕೆ ಪಂಪು ಸಹಿತ ತಂದೆ. ಕಿವಿ ಕೂತಿತು, ಪುಲ್ಲಿ ಸಾಲಾಯಿತು, ಮೀಟರು 14.1 ತೋರಿಸಿತು. ಹೆಂಡತಿಗೆ ಕಾಫಿ ಕೇಳಿದೆ, ಅಷ್ಟು ಸಂತೋಷ. ಹದಿನೈದು ದಿನದಲ್ಲಿ ಆಲ್ಟರ್ನೇಟರಿನ ಹೊಟ್ಟೆಯಿಂದ ಆಯಿಲ್ ತೊಟ್ಟಿಕ್ಕತೊಡಗಿತು. ಬಿಚ್ಚಿದಾಗ ಕಾರ್ಬನ್ ಬ್ರಷ್ಷುಗಳು ಹರಳೆಣ್ಣೆಯಲ್ಲಿ ಅದ್ದಿದ ಬತ್ತಿಯಂತಾಗಿದ್ದವು. ಹಳೆಯದರ ಪಕ್ಕದಲ್ಲಿ ಬೆಂಚಿನ ಮೇಲಿಟ್ಟು ಹಿಂದಿನಿಂದ ನೋಡಿದಾಗ ತಪ್ಪು ಕಂಡಿತು. ಬೆಲ್ಟಿನ ಕಿವಿಯನ್ನು ಗಡಿಯಾರದ ಹನ್ನೆರಡು ಎಂದಿಟ್ಟುಕೊಂಡರೆ, ಹಳೆಯದರಲ್ಲಿ ಆಯಿಲ್ ಇಳಿಯುವ ಮೂತಿ ಆರಕ್ಕಿತ್ತು, ಹೊಸದರಲ್ಲಿ ಒಂಬತ್ತಕ್ಕೆ. ಪೈಪು ಮೊದಲು ಅಡ್ಡಕ್ಕೆ ಹೋಗಿ, ಸ್ವಲ್ಪ ಮೇಲಕ್ಕೇರಿ, ಆಮೇಲೆ ಕೆಳಗಿಳಿಯುತ್ತಿತ್ತು. ಒತ್ತಡದಿಂದ ಒಳಬರುವ ಆಯಿಲು ಹೊರಗೆ ತಾನಾಗಿಯೇ ಹರಿದು ಹೋಗಬೇಕು. ದಾರಿಯಲ್ಲಿ ಏರು ಸಿಕ್ಕರೆ ಪಂಪಿನಲ್ಲೇ ನಿಂತು ಸೀಲನ್ನು ದೂಡಿಕೊಂಡು ಒಳನುಗ್ಗುತ್ತದೆ. ಹಾಗಾಗಿ ಪಂಪು ಇರುವ ಆಲ್ಟರ್ನೇಟರನ್ನು ಹಿಂದಿನಿಂದ ನೋಡಿ, ಆಯಿಲ್ ಬರುವ, ಆಯಿಲ್ ಇಳಿಯುವ, ವ್ಯಾಕ್ಯೂಮ್ ಎಳೆಯುವ ಮೂರು ಮೂತಿಗಳೂ ಗಡಿಯಾರದ ಯಾವ ಗಂಟೆಗೆ ಇವೆ ಎಂದು ಬರೆದುಕೊಳ್ಳಿ. ಹಲ್ಲುಗಳನ್ನು ಎಣಿಸಿ. ಕೆಲವದರಲ್ಲಿ ಮೈಯ ಉದ್ದ ಬೋಲ್ಟುಗಳನ್ನು ಬಿಚ್ಚಿ ಹಿಂದಿನ ಮುಚ್ಚಳವನ್ನು ತಿರುಗಿಸಿ ಕೂರಿಸಬಹುದು. ಒಳಗಿನ ವೈಂಡಿಂಗ್ ತಂತಿ ಎಳೆದು ಹರಿಯುವ ಭಯವಿರುವುದರಿಂದ ಅದನ್ನು ವೈಂಡಿಂಗ್ ಅಂಗಡಿಯವರಿಗೇ ಬಿಡಿ.

ವೈರುಗಳದು ಇಷ್ಟು ತಲೆನೋವಲ್ಲ. ‘ಬಿ ಪ್ಲಸ್’ ದಪ್ಪ ವೈರು, ಬ್ಯಾಟರಿಗೆ. ‘ಡಿ ಪ್ಲಸ್’ ಅಥವಾ ‘ಎಲ್’ ಚಾರ್ಜ್ ಲೈಟಿಗೆ. ‘ಡಬ್ಲ್ಯೂ’ ಇದ್ದರೆ ಅದು ಎಂಜಿನ್ ಸುತ್ತು ತೋರಿಸುವ ಮೀಟರಿಗೆ. ಮೀಟರು ಇಲ್ಲದ ಗಾಡಿಯಲ್ಲಿ ಟೇಪು ಸುತ್ತಿ ಬಿಡಿ. ‘ಎಸ್’ ಇದ್ದರೆ ಬ್ಯಾಟರಿಯ ವೋಲ್ಟೇಜು ನೋಡಿಕೊಳ್ಳುವ ವೈರು, ಅದನ್ನು ಖಾಲಿ ಬಿಡಬಾರದು. ನಿಮ್ಮ ಹಳೆಯದಕ್ಕೆ ರೆಗ್ಯುಲೇಟರ್ ಹೊರಗೆ ಪೆಟ್ಟಿಗೆಯಲ್ಲಿದ್ದು ಹೊಸದಕ್ಕೆ ಒಳಗೇ ಇದ್ದರೆ, ಹೊರಗಿನದನ್ನು ಸಂಪೂರ್ಣ ಕಳಚಬೇಕು. ಚಾರ್ಜ್ ಲೈಟಿನ ಬಲ್ಬು ಬರೀ ಸೂಚನೆಗಲ್ಲ. ಸುಮಾರು 2 ವ್ಯಾಟಿನ ಆ ಬಲ್ಬಿನ ಮೂಲಕ ಹೋಗುವ ಸಣ್ಣ ಕರೆಂಟೇ ಇಂಥ ಆಲ್ಟರ್ನೇಟರನ್ನು ಎಬ್ಬಿಸುವುದು. ನನ್ನ ಅಳಿಯ ಅಂದಕ್ಕೆಂದು ಎಲ್‌ಇಡಿ ಹಾಕಿದ, ಆಲ್ಟರ್ನೇಟರ್ ನಿದ್ದೆಯಿಂದ ಏಳಲಿಲ್ಲ. ಎಲ್‌ಇಡಿಯೇ ಬೇಕೆಂದರೆ ಅದಕ್ಕೆ ಸಮಾಂತರವಾಗಿ 68 ಓಮ್, 5 ವ್ಯಾಟಿನ ರೆಸಿಸ್ಟರ್ ಹಾಕಿ.

ಆಂಪಿಯರು ಎಷ್ಟು ಬೇಕು? ದೊಡ್ಡದಿದ್ದಷ್ಟೂ ಒಳ್ಳೆಯದು ಎನ್ನುವವರ ಮಾತು ಕೇಳಬೇಡಿ. ಮಳೆಗಾಲದ ರಾತ್ರಿ ಘಾಟಿ ಹತ್ತುವಾಗ ನನ್ನ ಜೀಪಿನ ಖರ್ಚು ಇದು: ಹೆಡ್‌ಲೈಟ್ 120 ವ್ಯಾಟ್, ಹಿಂದಿನ ಮತ್ತು ನಂಬರ್ ಪ್ಲೇಟಿನ ದೀಪಗಳು 25, ಬ್ರೇಕ್ ಲೈಟು 42, ವೈಪರು 50, ಫಾಗ್ ಲೈಟು 110, ರೇಡಿಯೋ 30, ಮೊಬೈಲ್ 10. ಒಟ್ಟು 387. ಅದನ್ನು 13.8ರಿಂದ ಭಾಗಿಸಿದರೆ 28 ಆಂಪಿಯರು. ಸ್ಟಾರ್ಟ್ ಮಾಡಿದಾಗ ಕಳೆದುಕೊಂಡದ್ದನ್ನು ಬ್ಯಾಟರಿ ತುಂಬಿಕೊಳ್ಳಲು ಇನ್ನು 10 ಎಂದಿಟ್ಟುಕೊಳ್ಳಿ. 38 ಆಯಿತು. ಸದಾ ಮುಕ್ಕಾಲು ಪಾಲಿಗಿಂತ ಹೆಚ್ಚು ದುಡಿಸಬಾರದು, ಹಾಗಾಗಿ 50ರಿಂದ 55 ಸಾಕು. ಎಂಜಿನ್ ನಿಧಾನ ಓಡುವಾಗ ಆಲ್ಟರ್ನೇಟರ್ ಬರೆದಷ್ಟು ಕೊಡುವುದಿಲ್ಲ ಎಂಬುದನ್ನೂ ಈ ಲೆಕ್ಕ ಸ್ವಲ್ಪಮಟ್ಟಿಗೆ ನುಂಗಿಕೊಳ್ಳುತ್ತದೆ. ಇನ್ನೂ ದೊಡ್ಡದು ತಂದರೆ ವೈರಿಂಗ್ ಬದಲಾಯಿಸಿ: 65 ಆಂಪಿಯರಿನವರೆಗೂ ಚಾರ್ಜಿಂಗ್ ವೈರು 10 ಚದರ ಮಿಲಿಮೀಟರಿಗಿಂತ ಸಣ್ಣದಿರಬಾರದು, 16 ಆದರೆ ನೆಮ್ಮದಿ. ಡ್ಯಾಶ್‌ಬೋರ್ಡಿನಲ್ಲಿ 30ರವರೆಗೆ ಮುಳ್ಳು ಓಡುವ ಹಳೆಯ ಆಮೀಟರ್ ಇದ್ದರೆ ಚಾರ್ಜಿನ ಕರೆಂಟೆಲ್ಲ ಅದರೊಳಗಿಂದಲೇ ಹೋಗುತ್ತದೆ. ಅದನ್ನು ತೆಗೆದು ವೋಲ್ಟ್‌ಮೀಟರ್ ಹಾಕಿ, ಇಲ್ಲದಿದ್ದರೆ ಸುಡುವುದು ಡ್ಯಾಶ್‌ಬೋರ್ಡು.

ಡೈನಮೋ ತೆಗೆದು ಮೊದಲ ಬಾರಿಗೆ ಆಲ್ಟರ್ನೇಟರ್ ಹಾಕುವವರಿಗೆ ಒಂದೇ ಮಾತು. ಇಂಗ್ಲೆಂಡಿನ ವಂಶದ ಹಳೆಯ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ಗಾಡಿಯ ಮೈಗೆ ಕೂಡಿರುವುದುಂಟು. ಹಾಗಿದ್ದರೆ ಮೊದಲು ನೆಗೆಟಿವ್ ಅರ್ಥ್‌ಗೆ ಬದಲಾಯಿಸಬೇಕು. ತಿರುಗಮುರುಗವಾಗಿ ಕೂಡಿಸಿದರೆ ಡಯೋಡುಗಳು ಕ್ಷಣದಲ್ಲಿ ಹೋಗುತ್ತವೆ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ನಿಮ್ಮೂರಿನ ಗುಜರಿಯಲ್ಲೋ ರಿಪೇರಿ ಮಾಡಿಟ್ಟದ್ದು ಅಗ್ಗಕ್ಕೆ ಸಿಗುತ್ತದೆ, ನನಗೆ ಅದರ ಬಗ್ಗೆ ತಿರಸ್ಕಾರವಿಲ್ಲ. ಹೊಸ ಪೇಂಟು ನೋಡಬೇಡಿ. ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ ಕಿವಿಗೆ ಹಿಡಿಯಿರಿ, ಬೇರಿಂಗು ಗರಗರ ಎಂದರೆ ಕೆಳಗಿಡಿ. ಬೆಂಚಿನ ಮೇಲೆ ತಿರುಗಿಸಿ ಬಲ್ಬು ಉರಿಸಿ ತೋರಿಸಿದರೆ ಒಪ್ಪಬೇಡಿ. ಲೋಡು ಕೊಟ್ಟು, ಬಿಸಿಯಾಗುವವರೆಗೆ ಓಡಿಸಿ, ಆಗ ವೋಲ್ಟೇಜು ನಿಲ್ಲುತ್ತದೆಯೇ ಎಂದು ನೋಡಿ. ವ್ಯಾಕ್ಯೂಮ್ ಪಂಪಿನ ಮೂತಿಗೆ ಬೆರಳಿಟ್ಟರೆ ಎಳೆದುಕೊಳ್ಳಬೇಕು.

ಮೂರನೆಯದನ್ನು ತರಲು ಹೋದಾಗ ನಾನು ಗಾಡಿಯ ಹೆಸರು ಹೇಳಲಿಲ್ಲ. ಸುಟ್ಟದ್ದನ್ನು ಗೋಣಿಚೀಲದಿಂದ ತೆಗೆದು ಕೌಂಟರಿನ ಮೇಲಿಟ್ಟು, ಜೇಬಿನಿಂದ ವರ್ನಿಯರ್ ಅಳತೆಗೋಲು ತೆಗೆದೆ. ಹುಡುಗ ನಾಲ್ಕು ತಂದಿಟ್ಟ, ನಾಲ್ಕನೆಯದು ಹೊಂದಿತು.

ಕೂರಿಸುವಾಗ ಪಂಪಿನ ಆಯಿಲ್ ಬರುವ ಮೂತಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟೆ, ಮೊದಲ ಸುತ್ತುಗಳಲ್ಲಿ ಒಣಗಿ ಉಜ್ಜದಿರಲಿ ಎಂದು. ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಹತ್ತು ಮಿಲಿಮೀಟರ್ ಬಗ್ಗುವಷ್ಟು ಬಿಗಿದೆ. ಎಲ್ಲ ದೀಪ ಉರಿಸಿ, ವೈಪರು ಓಡಿಸಿ ನೋಡಿದಾಗ 13.7. ಆಮೇಲೆ ಎಂಜಿನ್ ಆರಿಸಿ, ಬ್ರೇಕ್ ಪೆಡಲನ್ನು ಐದಾರು ಸಲ ತುಳಿದು, ಕಾಲು ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿದೆ. ಪೆಡಲು ಪಾದದಡಿಯಲ್ಲಿ ಮೆಲ್ಲನೆ ಒಂದಿಷ್ಟು ಕೆಳಗಿಳಿಯಿತು. ಬೂಸ್ಟರಿಗೆ ವ್ಯಾಕ್ಯೂಮ್ ಸಿಕ್ಕಿದೆ ಎನ್ನುವುದಕ್ಕೆ ಅದೇ ಗುರುತು. ಮನೆಯ ಗೇಟು ದಾಟಿದ್ದು ಅದಾದ ಮೇಲೆಯೇ.