ಮೋಟರ್ ದೊಡ್ಡದಾದರೆ ಸಾಕಾ? ನನ್ನ ಬ್ಯಾಟರಿ ರೈಲು ಹೊರಟ ಕತೆ

ಮಂಗಳೂರಿನ ಬೈಕಂಪಾಡಿಯಲ್ಲಿ ನನ್ನದೊಂದು ಲೇತ್ ವರ್ಕ್‌ಶಾಪ್ ಉಂಟು. ಉಡುಪಿ ಕಡೆಯ ಒಬ್ಬರ ತೋಟಕ್ಕೆ ಮಕ್ಕಳು ಕೂರುವ ಬ್ಯಾಟರಿ ರೈಲು ಮಾಡಿಕೊಟ್ಟೆ. ಎಂಟು ಡಬ್ಬಿ, ಮಕ್ಕಳು ಕೂತರೆ ಸುಮಾರು ಒಂದೂವರೆ ಟನ್. "ಇದು ಆಗುವ ಕೆಲಸ ಅಲ್ಲ ಮಾರಾಯ್ರೆ" ಅಂದವರೇ ಈಗ ಫೋನ್ ಮಾಡಿ ಗೇರ್ ಲೆಕ್ಕ ಕೇಳುತ್ತಾರೆ.

ಮೊದಲು ಮೋಟರಿನಿಂದ ಎಂಜಿನ್ನಿನ ಹಿಂದಿನ ಆಕ್ಸಲ್‌ಗೆ, ಅಂದರೆ ಎರಡು ಚಕ್ರ ಕೂಡಿಸುವ ಸರಳಿಗೆ, ಮಾತ್ರ ಚೈನ್ ಇತ್ತು. ರೈಲು ಅಲ್ಲಾಡಲಿಲ್ಲ. ದೊಡ್ಡ ಮೋಟರ್ ಹಾಕಿ ಅಂದರು ತೋಟದವರು. ಬೇಡ ಅಂದೆ, ಕೇಳಲಿಲ್ಲ. ದುಡ್ಡು ಅವರದ್ದು ಅಲ್ವಾ. ಹಾಕಿದ ಮೇಲೆ ಚಕ್ರ ನಿಂತಲ್ಲೇ ಗಿರಗಿರ ತಿರುಗಿತು. ಹಳಿ ಮೇಲೆ ಉಗುರಿನಷ್ಟು ಹೊಳೆಯುವ ಗುಂಡಿ ಬಿತ್ತು. ಚಕ್ರ ಅದರೊಳಗೆ ಕೂತರೆ ಹೊರಡುವುದು ಇನ್ನೂ ಕಷ್ಟ. ಮೋಟರಿಗೆ ಕರೆಂಟ್ ಹದ ಮಾಡುವ ಕಂಟ್ರೋಲರ್ ಸುಟ್ಟಿತು, ಏಳೆಂಟು ಸಾವಿರ ನೀರಿಗೆ.

ಆಮೇಲೆ ಮೀನು ತೂಗುವ ಸ್ಪ್ರಿಂಗ್ ತಕ್ಕಡಿ ತಂದು ಒಂದು ಡಬ್ಬಿ ಎಳೆದು ನೋಡಿದೆ. ಓಡುವಾಗ ಎರಡು ಕೆ.ಜಿ. ಎಳೆತ ಸಾಕು, ನಿಂತದ್ದನ್ನು ಹೊರಡಿಸಲು ನಾಲ್ಕೈದು ಬೇಕು. ಎಂಟೂ ಒಟ್ಟಿಗೆ ಹೊರಡಬೇಕಾದರೆ ಮೂವತ್ತೈದರ ಮೇಲೆ. ಎಂಜಿನ್ ತೂಕ 200 ಕೆ.ಜಿ., ಎಳೆಯುವ ಆಕ್ಸಲ್ ಮೇಲೆ ಬೀಳುವುದು ಅದರರ್ಧ. ಒಣ ಹಳಿಯಲ್ಲಿ ಅದರ ಕಾಲು ಭಾಗ ಹಿಡಿತ ಅಂತ ಹಿಡಿಯಿರಿ, 25 ಕೆ.ಜಿ. ಮೋಟರ್ ಎಷ್ಟೇ ದೊಡ್ಡದಿರಲಿ, ಅದರ ಮೇಲೆ ಒಂದು ಕೆ.ಜಿ. ಹೆಚ್ಚು ಎಳೆಯುವುದಿಲ್ಲ.

ನಾಲ್ಕೂ ಚಕ್ರಕ್ಕೆ ಚೈನ್ ಹಾಕಿದೆ. ಗುಜರಿಯಿಂದ ಎರಕದ ಕಬ್ಬಿಣ ತಂದು ಎಂಜಿನ್ ಹೊಟ್ಟೆಗೆ ತುಂಬಿದೆ, 120 ಕೆ.ಜಿ. ಇರಬಹುದು. ಮೂರು ಸಾವಿರವೂ ಆಗಲಿಲ್ಲ. ಹಿಡಿತ 80 ಕೆ.ಜಿ. ಹತ್ತಿರ ಬಂತು.

ಆದರೆ ತೋಟದಲ್ಲಿ 50ಕ್ಕೆ 1ರ ಏರು ಉಂಟು, ಅಂದರೆ 50 ಅಡಿ ಹೋದರೆ ಒಂದು ಅಡಿ ಮೇಲೆ, ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ರೈಲು ದಾರಿಯಷ್ಟೇ. ಘಾಟಿಯಲ್ಲಿ ಗೂಡ್ಸ್‌ಗೆ ಹಿಂದಿನಿಂದ ತಳ್ಳಲು ಬೇರೆ ಎಂಜಿನ್ ಇರುತ್ತದೆ. ನನಗೆ ಎರಡನೆಯದಕ್ಕೆ ಯಾರು ದುಡ್ಡು ಕೊಡುತ್ತಾರೆ? ಏರಿಗೇ ಮೂವತ್ತೈದು ಕೆ.ಜಿ. ಹೋಯಿತು, ಹೊರಡಲು ಅಷ್ಟೇ ಬೇಕು. ಹಿಡಿತ ಅಂಚಿಗೆ ಬಂದಿತ್ತು, ತಿರುವಿನಲ್ಲಿ ಚಕ್ರದ ಉಜ್ಜಾಟವೂ ಸೇರಿ ಮತ್ತೆ ಜಾರಿತು.

ಅದಕ್ಕೆ ಕೊಂಡಿಗಳನ್ನು ಸಡಿಲ ಬಿಟ್ಟೆ, ಒಂದೊಂದರಲ್ಲಿ ಬೆರಳು ದಪ್ಪದ ಸಂದು. ಏರಿನಲ್ಲಿ ಕೊನೇ ಡಬ್ಬಿಗೆ ಬ್ರೇಕ್ ಹಿಡಿದು ಎಂಜಿನ್ನನ್ನು ಒಂದು ಗೇಣು ಹಿಂದೆ ತಳ್ಳಿದರೆ ಸಂದುಗಳೆಲ್ಲ ಮುಚ್ಚುತ್ತವೆ. ಮುಂದೆ ಹೋಗುವಾಗ ಡಬ್ಬಿ ಒಂದೊಂದಾಗಿಯೇ ಹೊರಡುತ್ತದೆ, ಟಕ್ ಟಕ್ ಅಂತ ಸದ್ದು ಹಿಂದಕ್ಕೆ ಹೋಗುತ್ತದೆ. ಮಕ್ಕಳಿಗೆ ಜರ್ಕ್ ಹೊಡೆಯದ ಹಾಗೆ ರಬ್ಬರ್ ತುಂಡು ಇಟ್ಟಿದ್ದೇನೆ. ಯಾವ ರಬ್ಬರ್, ಬ್ರೇಕ್ ಯಾವಾಗ ಬಿಡಬೇಕು, ಅದು ನನ್ನ ಹತ್ತಿರವೇ ಇರಲಿ.

ಮಳೆಯಲ್ಲೂ ಸುಮ್ನೆ ಪರೀಕ್ಷೆ ಮಾಡಿದೆ. ಜೋರು ಮಳೆ ಅಷ್ಟು ತೊಂದರೆ ಮಾಡಲಿಲ್ಲ. ಹಳಿ ತೊಳೆದು ಹೋಗುತ್ತದಲ್ಲ. ಮೊದಲ ಹನಿ ಬಿದ್ದು ಧೂಳು ಕೆಸರಾದಾಗಲೇ ಜಾಸ್ತಿ ಜಾರುವುದು. ದೊಡ್ಡ ಎಂಜಿನ್‌ಗಳಲ್ಲಿರುವ ಹಾಗೆ ಚಕ್ರದ ಮುಂದೆ ಒಣ ಮರಳು ಬೀಳುವ ಪೈಪ್ ಇಟ್ಟಿದ್ದೇನೆ. ಪೈಪ್ ಅಗ್ಗ. ಮರಳಿನ ರೇಟು ನಿಮಗೂ ಗೊತ್ತು.